ಎರಡನೇ ಬ್ರೇಕು

ಬ್ರೇಕ್ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇರಲಿಲ್ಲವೆಂದಲ್ಲ. ಅದು ಅವರ ಲೈಸೆನ್ಸಿನ ಮೇಲೆ ಇತ್ತು. ಅಲ್ಲಿಂದ ಹೊರಗೆ ಬಂದದ್ದನ್ನು ಕಂಡವರಿಲ್ಲ. ಇಪ್ಪತ್ತಾರು ವರ್ಷ ಕಾರು ಕಲಿಸಿದ ಮನುಷ್ಯ. ಆ ಇಪ್ಪತ್ತಾರು ವರ್ಷವೂ ಚಾಲಕನ ಪಕ್ಕದ ಸೀಟಿನಲ್ಲೇ ಕೂತು, ಕಲಿಸುವ ಕಾರುಗಳಲ್ಲಿ ಮಾತ್ರ ಇರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಊರಿನ ಜನಸಂಖ್ಯೆ ಕಡಿಮೆಯಾಗದಂತೆ ನೋಡಿಕೊಂಡವರು. ಒತ್ತಿ ಒತ್ತಿ ಅವರ ಬಲಗಾಲು ಎಡಗಾಲಿಗಿಂತ ಎಷ್ಟು ದಪ್ಪವಾಗಿತ್ತೆಂದರೆ, ದರ್ಜಿ ಅವರ ಪ್ಯಾಂಟಿನ ಎರಡು ಕಾಲಿಗೆ ಎರಡು ಅಳತೆ ಬರೆದುಕೊಂಡು, "ಬಲಗಾಲಿನ ಬಟ್ಟೆಗೆ ಬೇರೆ ಕೂಲಿ ಆಗುತ್ತೆ" ಎನ್ನುತ್ತಿದ್ದ. ಸಿನಿಮಾ ನೋಡುವಾಗ ಪರದೆಯ ಮೇಲೆ ಕಾರೊಂದು ತಿರುವಿಗೆ ಬಂದರೆ ಮುಂದಿನ ಸೀಟಿನಲ್ಲಿ ಕೂತವನ ಬೆನ್ನಿಗೆ ಒದೆ ಬಿತ್ತೆಂದೇ ಲೆಕ್ಕ. ನಿದ್ದೆಯಲ್ಲಿ ಒತ್ತಿ ಮಂಚದ ಹಲಗೆ ಎರಡು ಸಲ ಮುರಿದದ್ದುಂಟು. ಮೂರನೆಯ ಸಲ ಅವರ ಹೆಂಡತಿ ಕಬ್ಬಿಣದ ಮಂಚ ತರಿಸಿದರು.

ಇಷ್ಟು ಜನಕ್ಕೆ ಕಲಿಸಿದ್ದರ ಫಲವೇನೆಂದರೆ, ಯಾರ ಗಾಡಿಯನ್ನೂ ಹತ್ತುವ ಧೈರ್ಯ ಮೇಷ್ಟ್ರಿಗೆ ಉಳಿಯಲಿಲ್ಲ. ಬಸ್ಸು ಓಡಿಸುವವನು ಅವರ ಶಿಷ್ಯ; ಹಿಂದಕ್ಕೆ ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುವುದು ಅವನ ಅಭ್ಯಾಸ. ಹಾಲಿನ ವ್ಯಾನಿನವನೂ ಶಿಷ್ಯನೇ. ಪರೀಕ್ಷೆಯ ದಿನ ಪರೀಕ್ಷಕರ ಸೈಕಲ್ಲಿನ ಮೇಲೆಯೇ ಹತ್ತಿಸಿದವನು. ಆಂಬುಲೆನ್ಸಿನವನಂತೂ ಎಡ ಯಾವುದು ಬಲ ಯಾವುದು ಎಂದು ಅಂಗೈಯಲ್ಲಿ ಬರೆದುಕೊಂಡು ಬರುತ್ತಿದ್ದ. ಒಮ್ಮೆ ಕೈ ಬೆವರಿ ಅಕ್ಷರ ಅಳಿಸಿಹೋಗಿ, ಗಾಡಿ ನೇರವಾಗಿ ಗ್ರಂಥಾಲಯದ ಮೆಟ್ಟಿಲು ಹತ್ತಿತ್ತು. ಆದ್ದರಿಂದ ಮೇಷ್ಟ್ರು ಕಾಯಿಲೆ ಬಿದ್ದರೆ ನಡೆದೇ ಆಸ್ಪತ್ರೆಗೆ ಹೋಗುತ್ತಿದ್ದರು. ಊರಿನಲ್ಲಿ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂದು ಅವರು ಆಣೆ ಮಾಡಿ ಹೇಳಬಲ್ಲವರಾಗಿದ್ದರು, ಯಾಕೆಂದರೆ ಎಲ್ಲರಿಗೂ ಕಲಿಸಿದವರು ಅವರೇ.

ಅವರ ಬಳಿ ಒಂದು ಗೆರೆಪುಸ್ತಕವಿತ್ತು. ಕಲಿಯುವವರೊಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಹಾಳೆ. ತಮ್ಮ ಕಾಲು ಎರಡನೇ ಬ್ರೇಕನ್ನು ಒಂದು ಸಲ ಒತ್ತಿದರೆ ಹಾಳೆಯ ಮೇಲೆ ಒಂದು ಗೆರೆ. ಗೆರೆಯೇ ಇಲ್ಲದ ದಿನ ಬಂದರೆ ಆ ಮನುಷ್ಯ ಚಾಲಕನಾದ ಎಂದು ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಅಂಥ ದಿನ ಯಾರಿಗೂ ಬಂದಿರಲಿಲ್ಲ. ಅತಿ ಹೆಚ್ಚು ಗೆರೆಯ ಬಿರುದು ಒಬ್ಬ ಬ್ಯಾಂಕ್ ಮ್ಯಾನೇಜರರದು, ಒಂದೇ ಗಂಟೆಯಲ್ಲಿ ಇನ್ನೂರ ಹದಿನಾಲ್ಕು. ಆ ದಿನ ಪೆನ್ಸಿಲ್ಲೇ ಸವೆದುಹೋಯಿತು. ಅತಿ ಕಡಿಮೆ ಒಬ್ಬ ನಿವೃತ್ತ ಸೂಲಗಿತ್ತಿಯದು, ನಾಲ್ಕು. ಆಕೆ ಓಡಿಸುವಾಗ ದಾರಿಹೋಕರು ಆಕೆಯನ್ನು ಮಾತಾಡಿಸಿಕೊಂಡು ಕಾರಿನ ಪಕ್ಕದಲ್ಲೇ ನಡೆದು ಬರುತ್ತಿದ್ದರು ಎಂಬುದು ಬೇರೆ ಮಾತು.

ಹಾಗಾದರೆ ಯಾರಿಗೂ ಲೈಸೆನ್ಸು ಸಿಗಲಿಲ್ಲವೇ? ಸಿಕ್ಕಿತು. ಸೊನ್ನೆ ಗೆರೆಗಾಗಿ ಕಾದು ಕೂತರೆ ಶಾಲೆಗೆ ಬೀಗ ಜಡಿಯಬೇಕಾಗುತ್ತಿತ್ತು. ಶನಿವಾರ ಸಂಜೆ ಮೇಷ್ಟ್ರು ಪ್ರಮಾಣಪತ್ರಗಳ ಕಟ್ಟನ್ನು ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ಚಹಾ ಕುಡಿಯುತ್ತ ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಿದ್ದರು. ಸಹಿಯ ಮೇಲೆ ಅಚ್ಚಾಗಿದ್ದ ಸಾಲು ಇಷ್ಟೇ: "ಮೇಲ್ಕಂಡವರು ಯಾರ ನೆರವೂ ಇಲ್ಲದೆ ಸುರಕ್ಷಿತವಾಗಿ ವಾಹನ ಚಲಾಯಿಸಬಲ್ಲರೆಂದು ದೃಢೀಕರಿಸುತ್ತೇನೆ." ನಾಲ್ಕು ಸಾವಿರ ಜನರಿಗೆ ಹೀಗೆ ದೃಢೀಕರಿಸಿದ ಕೈ ಅದು. ಒಂದು ಸಲವೂ ನಡುಗಿರಲಿಲ್ಲ. ಚಹಾ ಒಂದು ಹನಿ ಚೆಲ್ಲಿರಲಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾಲ್ಕು ಗಂಟೆಯ ದಾರಿ. ಹಾಸ್ಟೆಲಿಗೂ ಕಾಲೇಜಿಗೂ ನಡುವೆ ಒಂಬತ್ತು ಕಿಲೋಮೀಟರ್. ಸಂಜೆಯ ಲ್ಯಾಬು ಮುಗಿಯುವುದು ಆರಕ್ಕೆ. ಹಾಸ್ಟೆಲಿನ ಕಡೆಗೆ ಕೊನೆಯ ಬಸ್ಸು ಹೊರಡುವುದು ಐದೂ ಮುಕ್ಕಾಲಿಗೆ. ಈ ಎರಡನ್ನೂ ನಿಗದಿ ಮಾಡಿದವರು ಒಬ್ಬರ ಮುಖ ಒಬ್ಬರು ನೋಡದ ದಾಯಾದಿಗಳಿರಬೇಕು. ಇತ್ತ ಶಾಲೆಗೆ ಹೊಸ ಕಾರು ಬಂದು, 'ಮುದುಕಿ' ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ನೀಲಿ ಕಾರಿಗೆ ನಿವೃತ್ತಿಯಾಗಿತ್ತು. ಮಗಳು ಅದನ್ನು ನೋಡಿದಳು, ಬಸ್ಸಿನ ವೇಳಾಪಟ್ಟಿ ನೋಡಿದಳು, ಅಪ್ಪನ ಮುಖ ನೋಡಿದಳು.

"ಅಪ್ಪಾ, ಮುದುಕಿನ ನಾನು ತಗೊಂಡು ಹೋಗ್ಲಾ?"

ಮೇಷ್ಟ್ರು ತಕ್ಷಣ, "ಓ, ತಗೊಂಡು ಹೋಗು ಮರಿ" ಎಂದರು. ಗಂಡಸರು ಮೊದಲು ಹೂಂ ಎಂದು, ಆಮೇಲೆ ಹೆದರುವವರು. ಅವರ ಹೆದರಿಕೆ ಶುರುವಾದದ್ದು ಮಗಳು ಕಾಲೇಜಿನಿಂದ ಬಂದ ಅರ್ಜಿಯನ್ನು ಮುಂದಿಟ್ಟಾಗ. ಮೊದಲ ವರ್ಷದವರು ಕಾರು ತರುವುದಾದರೆ ಪೋಷಕರ ಸಹಿ ಬೇಕು. ಸಹಿಯ ಜಾಗದ ಮೇಲೆ ಅಚ್ಚಾಗಿದ್ದ ಸಾಲನ್ನು ಮೇಷ್ಟ್ರು ಓದಿದರು. "ಮೇಲ್ಕಂಡ ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ಸುರಕ್ಷಿತವಾಗಿ ವಾಹನ ಚಲಾಯಿಸಬಲ್ಲರೆಂದು ದೃಢೀಕರಿಸುತ್ತೇನೆ." ಒಂದು ಪದ ಬಿಟ್ಟರೆ ಅಕ್ಷರಕ್ಕೆ ಅಕ್ಷರ ಅದೇ ಸಾಲು. ಎಲ್ಲಿ ಕದ್ದರೋ, ಯಾರಿಗೆ ಯಾರು ಕೊಟ್ಟರೋ. ಮೇಷ್ಟ್ರು ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು, ಮುಚ್ಚಳ ಹಾಕಿದರು. ಚಹಾ ಲೋಟ ಕೆಳಗಿಟ್ಟರು. ಜೀವಮಾನದಲ್ಲಿ ಮೊದಲ ಸಲ ಆ ಸಾಲಿಗೆ ಅರ್ಥವಿದೆ ಎಂದು ಅವರಿಗೆ ಹೊಳೆದಿತ್ತು.

"ನಾಳೆ ಹಾಕಿದ್ರಾಯ್ತು" ಎಂದರು.

ಆ ನಾಳೆ ಹನ್ನೆರಡು ದಿನ ನಡೆಯಿತು. ಸಂಜೆ ಮಗಳು ಮುದುಕಿಯನ್ನು ಓಡಿಸುವುದು, ಮೇಷ್ಟ್ರು ಪಕ್ಕದಲ್ಲಿ ಕೂತು ಗೆರೆ ಎಳೆಯುವುದು ಮಾತ್ರ ನಡೆದೇ ಇತ್ತು. ಅರ್ಜಿ ಊಟದ ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಫ್ರಿಜ್ಜಿನ ತಲೆಗೆ, ಅಲ್ಲಿಂದ ಮೇಷ್ಟ್ರ ಅಂಗಿಯ ಜೇಬಿಗೆ ಓಡಾಡಿತು. ಹದಿಮೂರನೆಯ ದಿನ ಹೆಂಡತಿ ಬಾಯಿ ತೆರೆದರು. ಆಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ದಿನವಿಡೀ ಜನರಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ ಓದಿಸಿ, ಮನೆಗೆ ಬಂದರೂ ಅದೇ ಧಾಟಿ.

"ರೀ, ಇಲ್ಲಿ ನೋಡಿ. ಮೊದಲನೇ ಸಾಲು. ಬಸ್ಸಲ್ಲಿ ಓಡಾಡ್ಲಾ ಅವಳು?"

"ಬಸ್ಸಾ? ಆ ಬಸ್ಸು ಓಡಿಸೋರಿಗೂ ಯಾರೋ ನನ್ನಂಥವನೇ ಕಲಿಸಿರ್ತಾನಲ್ಲೇ!"

"ಸರಿ. ಎರಡನೇ ಸಾಲು. ಯಾರದಾದ್ರೂ ಕಾರಲ್ಲಿ ಹೋಗ್ಲಾ?"

"ಯಾರದೋ ಕಾರಾ? ಪ್ರಾಣ ಬೇಡ್ವಾ ಅವಳಿಗೆ?"

"ಮೂರನೇ ಸಾಲು. ತಾನೇ ಓಡಿಸ್ಕೊಂಡು ಹೋಗ್ಲಾ?"

ಮೇಷ್ಟ್ರು ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ನಿಲ್ಲಿಸಿದರು. "ನಿನ್ನೆ ಅವಳಿಗೆ ಒಂಬತ್ತು ಗೆರೆ ಬಿದ್ದಿದೆ."

"ಮೂರನೇ ಸಾಲೂ ಕಾಣಿಸ್ತಿಲ್ಲ" ಎಂದರು ಹೆಂಡತಿ. "ನಿಮಗೆ ದೂರದ್ದೂ ಕಾಣಲ್ಲ, ಹತ್ತಿರದ್ದೂ ಕಾಣಲ್ಲ. ಇಂಥವರಿಗೆ ನಮ್ಮ ಅಂಗಡೀಲಿ ಗಾಜಿಲ್ಲ."

"ಗೆರೆ ಸುಳ್ಳು ಹೇಳುತ್ತೇನೇ?"

"ಗೆರೆ ಎಳೆದ ಕೈ ಯಾವುದು ಅಂತ ಕೇಳ್ತೀನಿ, ಅಷ್ಟೇ."

ಮಗಳು ಒಳಗಿನಿಂದ ಕೂಗಿದಳು. "ಅಪ್ಪಾ, ಊರಿಗೆಲ್ಲ ಸಹಿ ಹಾಕಿದ್ರಿ. ಪಕ್ಕದ ಬೀದಿ ಔಷಧಿ ಅಂಗಡಿಯವರು ಪರೀಕ್ಷೆ ಆದ ಮಾರನೇ ದಿನ ಸ್ವಂತ ಅಂಗಡಿ ಬಾಗಿಲಿಗೇ ಗುದ್ದಿದ್ರು. ಅವರಿಗಿಂತ ಕೆಟ್ಟದಾಗಿ ಓಡಿಸ್ತೀನಾ ನಾನು?"

"ಅವರು ನನ್ನ ಮಗಳಲ್ಲ!"

ಹೇಳಿದ ಮೇಲೆ ಮೇಷ್ಟ್ರಿಗೇ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ತಾವಾಗಿ ಕುಂಬಳಕಾಯಿಯನ್ನೇ ತಂದು ಮೇಜಿನ ಮೇಲೆ ಇಟ್ಟಂತಾಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಕಾಲೇಜು ಸೇರುವ ದಿನ ಮಗಳೇ ಮುದುಕಿಯನ್ನು ಓಡಿಸಿಕೊಂಡು ಹೋಗುವುದು, ಮೇಷ್ಟ್ರು ಎಂದಿನಂತೆ ಪಕ್ಕದಲ್ಲಿ ಕೂರುವುದು. ದಾರಿಯುದ್ದಕ್ಕೂ ಒಂದೂ ಗೆರೆ ಬೀಳದಿದ್ದರೆ ಕಾಲೇಜಿನ ಬಾಗಿಲಲ್ಲೇ ಸಹಿ. ಒಂದು ಗೆರೆ ಬಿದ್ದರೂ ಮುದುಕಿ ಮೇಷ್ಟ್ರ ಜೊತೆ ವಾಪಸ್ಸು.

"ಒಂದೂ ಇಲ್ಲದೆ?" ಮಗಳು ಕೇಳಿದಳು.

"ಒಂದೂ ಇಲ್ಲದೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಅದು ಕಾಣಲಿಲ್ಲ. ಕಣ್ಣಿನ ವಿಷಯ ಆಗಲೇ ಹೇಳಿಯಾಗಿದೆ.

ಹೊರಡುವ ದಿನ ಮುದುಕಿಯ ಹೊಟ್ಟೆಗೆ ಹಾಸಿಗೆ, ಪುಸ್ತಕದ ಡಬ್ಬಗಳು, ಒಂದು ಟೇಬಲ್ ಫ್ಯಾನು, ಬಕೆಟ್ಟು ಎಲ್ಲವನ್ನೂ ತುರುಕಲಾಯಿತು. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಮಡಚಿ ಕೂರುವಷ್ಟು ಜಾಗ ಮಾತ್ರ ಉಳಿಯಿತು. ಹೆಂಡತಿಗೆ ಅಂಗಡಿಯಲ್ಲಿ ರಜೆ ಸಿಕ್ಕಿರಲಿಲ್ಲ. ಕಿಟಕಿಯೊಳಗೆ ತಲೆ ಹಾಕಿ ಮಗಳ ಕೆನ್ನೆ ಸವರಿ, "ಹುಷಾರು ಕಣೇ" ಎಂದರು. ಗಂಡನ ಕಡೆ ತಿರುಗಿ, "ನೀವು ಇನ್ನೂ ಹುಷಾರು" ಎಂದರು.

ಮೇಷ್ಟ್ರು ಗೆರೆಪುಸ್ತಕ ತೆರೆದು ಮಗಳ ಹೆಸರಿನಲ್ಲಿ ಹೊಸ ಹಾಳೆ ಮಾಡಿದರು. ಊರು ದಾಟುವವರೆಗೆ ಕಾಲನ್ನು ಪೆಡಲಿನಿಂದ ಒಂದು ಗೇಣು ದೂರ ಇಟ್ಟುಕೊಂಡಿದ್ದರು. ಆ ಒಂದು ಗೇಣಿನ ದೂರಕ್ಕೆ ಅವರು ಪಟ್ಟ ಪಾಡನ್ನು ತಪಸ್ಸು ಮಾಡಿದವರು ಮಾತ್ರ ಬಲ್ಲರು. ಬೆವರು ಕಾಲರಿನಿಂದಿಳಿದು ಬೆಲ್ಟಿನವರೆಗೂ ಬಂದಿತ್ತು. ಆಮೇಲೆ ಎದುರಿಗೆ ಹಾಸಿಗೆಗಳನ್ನು ಮನೆಯೆತ್ತರ ಹೇರಿಕೊಂಡ ಲಾರಿಯೊಂದು ಓಲಾಡುತ್ತ ಬಂತು. ಮೇಷ್ಟ್ರ ಕಾಲು ತಾನಾಗಿ ಹೋಗಿ ಒತ್ತಿತು. ಕಾರು ನಿಧಾನವಾಯಿತು. ಲಾರಿ ಹೋಯಿತು.

"ನೋಡಿದ್ಯಾ? ನಾನಿಲ್ದೇ ಇದ್ದಿದ್ರೆ?" ಎಂದು ಮೇಷ್ಟ್ರು ಬಲು ದುಃಖದಿಂದ, ಅದಕ್ಕಿಂತ ಹೆಚ್ಚು ಸಂತೋಷದಿಂದ, ಮೊದಲ ಗೆರೆ ಎಳೆದರು.

ಮಗಳು ತುಟಿ ಒಳಗೆ ಎಳೆದುಕೊಂಡು ರಸ್ತೆ ನೋಡುತ್ತಿದ್ದಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡರು ಮೇಷ್ಟ್ರು.

ಒಂದು ಗೆರೆ ಬಿದ್ದ ಮೇಲೆ ಅಣೆಕಟ್ಟೆ ಒಡೆದಂತಾಯಿತು. ಶಾಲೆಯ ಮಕ್ಕಳು ರಸ್ತೆ ದಾಟಿದರು, ಗೆರೆ. ಸೈಕಲ್ಲಿನವನು ಕೈ ತೋರಿಸದೆ ತಿರುಗಿದ, ಗೆರೆ. ರಸ್ತೆ ರಿಪೇರಿಯವರು ಕೆಂಪು ಬಾವುಟ ಹಿಡಿದಿದ್ದರು, ಅದಕ್ಕೂ ಗೆರೆ. ಒಂದು ಕಡೆ ನೆರಳನ್ನು ನೋಡಿ ಹೊಂಡವೆಂದು ಒತ್ತಿದರು. ಕಾರು ನಿಲ್ಲದೆ ಸರಾಗವಾಗಿ ನೆರಳಿನ ಮೇಲೆ ಹೋಯಿತು. ಬ್ರೇಕು ಸ್ವಲ್ಪ ಸಡಿಲವಾಗಿದೆ, ಬಿಗಿ ಮಾಡಿಸಬೇಕು ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಗೆರೆಯನ್ನಂತೂ ಬಿಡಲಿಲ್ಲ.

ಕಾಲೇಜಿಗೆ ಇಪ್ಪತ್ತು ಕಿಲೋಮೀಟರ್ ಇರುವಾಗ ಮಗಳು ಪೆಟ್ರೋಲ್ ಬಂಕಿನ ಪಕ್ಕದ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಇಬ್ಬರೂ ಚಹಾ ಹಿಡಿದು ಬಾನೆಟ್ಟಿಗೆ ಒರಗಿ ನಿಂತರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪುಸ್ತಕ ತೆರೆದರು.

"ಹನ್ನೊಂದು ಮರಿ. ಏನು ಮಾಡೋದು? ಕೆಟ್ಟದಾಗಿ ಓಡಿಸ್ದೆ ಅಂತಲ್ಲ. ಸೂಲಗಿತ್ತಿಯಮ್ಮನ ನಂತರ ನೀನೇ. ಆದ್ರೆ ಹನ್ನೊಂದು ಸಲ ನಾನು ಕಾಲು ಹಾಕಿದ್ದೀನಿ. ಹನ್ನೊಂದು ಸಲ! ಕಣ್ಣಾರೆ ಕಂಡೂ ಹೇಗೆ ಸಹಿ ಹಾಕ್ಲಿ ಹೇಳು?"

"ಅಪ್ಪಾ" ಎಂದಳು ಮಗಳು. "ಆ ಅರ್ಜಿ ಹಿಂದುಗಡೆ ಏನಿದೆ ಅಂತ ಓದಿದ್ದೀರಾ?"

"ಹಿಂದುಗಡೆ ಏನಿದೆ?"

ಜೇಬಿನಿಂದ ಅರ್ಜಿ ತೆಗೆದು ತಿರುವಿದರು. ಇಪ್ಪತ್ತಾರು ವರ್ಷ ಸಹಿಯ ಜಾಗವನ್ನೊಂದೇ ನೋಡಿ ರೂಢಿಯಾದವರು. ಕಾಗದಕ್ಕೆ ಬೆನ್ನೂ ಇರುತ್ತದೆ ಎಂಬುದು ಅವರ ಅನುಭವಕ್ಕೆ ಬಂದಿರಲಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ನಾಲ್ಕನೆಯದು: "ಚಾಲನಾ ತರಬೇತಿಯ ವಾಹನಗಳಿಗೆ ಪ್ರವೇಶವಿಲ್ಲ. ಹೆಚ್ಚುವರಿ ಪೆಡಲುಗಳಿದ್ದಲ್ಲಿ ಅವುಗಳ ಸಂಪರ್ಕವನ್ನು ಕಡ್ಡಾಯವಾಗಿ ತೆಗೆಸಿರತಕ್ಕದ್ದು."

"ತೆಗೆಸ್ಬೇಕಲ್ಲ ಹಾಗಾದ್ರೆ" ಎಂದರು ಮೇಷ್ಟ್ರು.

"ತೆಗೆಸಿ ಮೂರು ವಾರ ಆಯ್ತು."

ಮೇಷ್ಟ್ರು ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಗ್ಯಾರೇಜಿನವರು ಕೊಂಡಿ ಬಿಚ್ಚಿ ತೆಗೆದ್ರು. ಪೆಡಲನ್ನೇ ಕಿತ್ರೆ ಕೆಳಗೆ ತೂತಾಗಿ ಮಳೆನೀರು ಬರುತ್ತೆ, ಅದು ಹಾಗೇ ಇರ್ಲಿ ಅಂದ್ರು. ಸ್ಪ್ರಿಂಗೂ ಬಿಟ್ಟಿದ್ದಾರೆ. ಒತ್ತಿದ್ರೆ ಹೋಗುತ್ತೆ, ಬಿಟ್ರೆ ಬರುತ್ತೆ. ಅಷ್ಟೇ."

"ಮತ್ತೆ ಲಾರಿ ಬಂದಾಗ..."

"ನಾನು ಬ್ರೇಕ್ ಹಾಕ್ದೆ."

"ಶಾಲೆ ಮಕ್ಕಳು?"

"ನಾನೇ ಅಪ್ಪಾ."

"ಆ ಕೆಂಪು ಬಾವುಟ?"

"ಬಾವುಟ ನೋಡಿದ್ರೆ ಯಾರಾದ್ರೂ ಹಾಕ್ತಾರಪ್ಪಾ!"

ಮೇಷ್ಟ್ರು ಕಾರಿನ ಬಾಗಿಲು ತೆರೆದು, ನೆಲದ ಮೇಲೆ ಮಂಡಿಯೂರಿ, ಪೆಡಲಿನ ಹಿಂದೆ ಕೈ ಹಾಕಿದರು. ಅಲ್ಲಿ ಇರಬೇಕಾದದ್ದು ಇರಲಿಲ್ಲ. ಖಾಲಿ ಜಾಗದಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ಓಡಾಡಿತು. ಚಹಾ ಅಂಗಡಿಯವನು, "ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದ. ಮೇಷ್ಟ್ರು ಕೈ ಹೊರಗೆ ತೆಗೆಯದೆ, "ಹೂಂ" ಎಂದರು.

"ಯಾಕೆ ಹೇಳ್ಲಿಲ್ಲ ನನಗೆ?"

"ಮೊದಲನೇ ದಿನಾನೇ ಹೇಳ್ಬೇಕು ಅಂತಿದ್ದೆ. ಸಂತೆ ಬೀದಿ ತಿರುವಲ್ಲಿ ಒಬ್ರು ಅಡ್ಡ ಬಂದ್ರಲ್ಲ? ನಾನು ಒತ್ತಿದೆ, ನೀವೂ ಒತ್ತಿದ್ರಿ, ಗಾಡಿ ನಿಲ್ತು. 'ನೋಡು, ನಾನಿಲ್ದೇ ಇದ್ದಿದ್ರೆ' ಅಂತ ಎಷ್ಟು ಖುಷಿಯಾಗಿ ಅಂದ್ರಿ ಗೊತ್ತಾ? ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ನಿಮ್ಮಮ್ಮನಿಗೆ ಗೊತ್ತಾ?"

"ಗ್ಯಾರೇಜಿಗೆ ಕರ್ಕೊಂಡು ಹೋಗಿದ್ದೇ ಅಮ್ಮ."

ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಮೇಷ್ಟ್ರು ಎರಡನ್ನೂ ಮಾಡಲಿಲ್ಲ. ಲೋಟ ತೊಳೆಯುವ ಜಾಗದಲ್ಲಿ ಇಟ್ಟುಬಂದು, ಹಿಂದಿನ ಬಾಗಿಲು ತೆಗೆದು, ಹಾಸಿಗೆಗೂ ಟೇಬಲ್ ಫ್ಯಾನಿಗೂ ನಡುವೆ ಉಳಿದಿದ್ದ ಜಾಗದಲ್ಲಿ ಮಡಚಿಕೊಂಡು ಕೂತರು.

"ಮುಂದೆ ಬನ್ನಿ ಅಪ್ಪಾ. ಕೋಪಾನಾ?"

"ಮುಂದೆ ನನಗೇನು ಕೆಲಸ? ನಡಿ."

ಕೋಪ ಇರಲಿಲ್ಲವೆಂದಲ್ಲ. ಆದರೆ ಅದು ಯಾರ ಮೇಲೆ ಎಂದು ಗೊತ್ತುಮಾಡಿಕೊಳ್ಳುವುದರಲ್ಲೇ ಐದು ಕಿಲೋಮೀಟರ್ ಕಳೆಯಿತು. ಇಪ್ಪತ್ತಾರು ವರ್ಷದಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗಳ ಕುತ್ತಿಗೆ, ಜಡೆಯಿಂದ ತಪ್ಪಿಸಿಕೊಂಡ ನಾಲ್ಕು ಕೂದಲು, ಕನ್ನಡಿಯೊಳಗೆ ಅವಳ ಒಂದು ಕಣ್ಣು. ಆ ಕಣ್ಣು ಎರಡೆರಡು ಉಸಿರಿಗೊಮ್ಮೆ ಹಿಂದಕ್ಕೆ ನೋಡಿ ಹೋಗುತ್ತಿತ್ತು. ಅವಳ ತುಟಿ ಏನನ್ನೋ ಗುನುಗುತ್ತಿತ್ತು. ಹಾಡಿರಬೇಕೆಂದು ಕಿವಿಗೊಟ್ಟರೆ ಹಾಡಲ್ಲ: "ಕನ್ನಡಿ, ಸಿಗ್ನಲ್ಲು, ಭುಜದ ಹಿಂದೆ ಒಂದು ಸಲ, ಈಗ ತಿರುಗು." ಮೇಷ್ಟ್ರದೇ ಮಾತು. ನಾಲ್ಕು ಸಾವಿರ ಜನಕ್ಕೆ ಹೇಳಿದ ಮಾತು. ಅದು ಯಾರ ಕಿವಿಗಾದರೂ ಬಿದ್ದು ಒಳಗೆ ಉಳಿದಿರಬಹುದೆಂದು ಅವರಿಗೆ ಅನುಮಾನ ಕೂಡ ಬಂದಿರಲಿಲ್ಲ. ಅವರ ನಂಬಿಕೆಯೆಲ್ಲ ಇದ್ದದ್ದು ಕಾಲಿನ ಮೇಲೆ. ಬಾಯನ್ನು ಅವರು ಬರೀ ಬೈಯುವುದಕ್ಕೆ ಇಟ್ಟುಕೊಂಡಿದ್ದರು.

ಪೇಟೆಯ ಹೊರಗೆ ರಸ್ತೆ ದಾಟುವ ಜೀಬ್ರಾ ಪಟ್ಟೆಯ ಬಳಿ ಮುದುಕಿಯೊಬ್ಬಳು, ನಿಜವಾದ ಮುದುಕಿ, ಚೀಲ ಹಿಡಿದು ನಿಂತಿದ್ದಳು. ಮಗಳು ಕಾರು ನಿಲ್ಲಿಸಿದಳು. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಕಾರು ನಿಂತಿತು. ಟೇಬಲ್ ಫ್ಯಾನು ಕೂಡ ಅಲುಗಲಿಲ್ಲ. ತಮ್ಮ ಕಾರಿಗೆ ಇಷ್ಟು ಮೆತ್ತಗೆ ನಿಲ್ಲಲು ಬರುತ್ತದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕಲಿಯುವವರದೊಂದು, ಮೇಷ್ಟ್ರದೊಂದು, ಎರಡು ಕಾಲು ಒಟ್ಟಿಗೆ ತುಳಿದು, ಅದು ಹದಿನೇಳು ವರ್ಷ ಮುಗ್ಗರಿಸಿಕೊಂಡೇ ನಿಂತಿತ್ತು.

ಕಾಲೇಜಿನ ಕಚೇರಿಯಲ್ಲಿ ವಾಹನದ ಅರ್ಜಿಗೆಂದು ಬೇರೆಯೇ ಕಿಟಕಿ ಇತ್ತು. ಕಿಟಕಿಯ ಹಿಂದೆ ಗುಮಾಸ್ತೆ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಮೊಹರು. ಮುಂದೆ ಪೋಷಕರ ಸಾಲು. ಅರ್ಜಿ ಒಳಗೆ ಹೋಗುತ್ತಿತ್ತು, ಠಪ್ಪೆಂದು ಮೊಹರು ಬೀಳುತ್ತಿತ್ತು, ಹೊರಗೆ ಬರುತ್ತಿತ್ತು. ಆಕೆ ಯಾವ ಕಾಗದವನ್ನೂ ನೋಡುತ್ತಿರಲಿಲ್ಲ. ಮೇಷ್ಟ್ರಿಗೆ ಆ ಕೈಯ ವೇಗ ನೋಡಿ ತಮ್ಮ ಶನಿವಾರಗಳು ನೆನಪಾದವು.

ಅವರು ಗೋಡೆಗೆ ಅರ್ಜಿ ಒತ್ತಿ ಹಿಡಿದು ಪೆನ್ನು ತೆಗೆದರು. ಮಗಳು ಪಕ್ಕದಲ್ಲಿ ನಿಂತಿದ್ದಳು. ಸಹಿ ಹಾಕುವುದು ಈಗ ಕಷ್ಟವಿರಲಿಲ್ಲ, ಸಾಲು ನಿಜವಾಗಿತ್ತು. ಆದರೆ ಅಷ್ಟು ಸುಳ್ಳುಗಳ ಕೆಳಗೆ ಬಿದ್ದ ಸಹಿಯನ್ನೇ ಈ ಒಂದು ನಿಜದ ಕೆಳಗೂ ಹಾಕಿದರೆ, ಬೇರೆಯೆಂದು ತಿಳಿಯುವುದು ಹೇಗೆ? ಮೇಷ್ಟ್ರು ಅಚ್ಚಾದ ಸಾಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಅಪ್ಪಾ!"

"ಸುಮ್ನಿರು" ಎಂದು, ಕೆಳಗಿನ ಖಾಲಿ ಜಾಗದಲ್ಲಿ ತಮ್ಮ ಕೋಳಿಕಾಲು ಅಕ್ಷರದಲ್ಲಿ ಬರೆದರು: "ಈಕೆ ನನ್ನ ಮಗಳು. ಮೂರು ವಾರ ನಾನು ಪಕ್ಕದಲ್ಲಿ ಕೂತು ಕಾಟ ಕೊಟ್ಟರೂ ಯಾರಿಗೂ ತಾಗಿಸದೆ ಓಡಿಸಿದ್ದಾಳೆ. ನನ್ನ ನೆರವು ಇದೆಯೆಂದು ನಾನು ತಿಳಿದಿದ್ದೆ. ಇರಲಿಲ್ಲ." ಕೆಳಗೆ ಸಹಿ. ಸಹಿ ಸ್ವಲ್ಪ ನಡುಗಿತ್ತು.

ಅರ್ಜಿ ಕಿಟಕಿಯೊಳಗೆ ಹೋಯಿತು. ಮೊಹರು ಮೇಲೆದ್ದಿತು, ಇಳಿಯಲಿಲ್ಲ. ಗುಮಾಸ್ತೆ ಕನ್ನಡಕ ಮೇಲೇರಿಸಿ ಓದಿದರು. ಇನ್ನೊಂದು ಸಲ ಓದಿದರು.

"ಏನ್ ಸಾರ್ ಇದು?"

"ನಿಜ."

"ನಿಜ ಇರ್ಬಹುದು ಸಾರ್, ಆದ್ರೆ ಅಚ್ಚಾಗಿರೋದನ್ನ ತಿದ್ದೋ ಹಾಗಿಲ್ಲ. ಇದು ನಡೆಯಲ್ಲ. ಇಲ್ಲಿ ಹನ್ನೆರಡು ವರ್ಷದಿಂದ ಕೂತಿದ್ದೀನಿ, ನಾನು ಓದಿದ ಮೊದಲನೇ ಅರ್ಜಿ ಇದು. ಓದಿದ್ಮೇಲೆ ಹೇಗೆ ಮೊಹರು ಹಾಕ್ಲಿ?" ಎಂದು ಆಕೆ ಒಂದು ಹೊಸ ಅರ್ಜಿಯನ್ನು ಹೊರಗೆ ತಳ್ಳಿದರು. "ಇದರಲ್ಲಿ ಸುಮ್ನೆ ಒಂದು ಸಹಿ ಹಾಕಿ ಕೊಡಿ. ಯಾರು ನೋಡ್ತಾರೆ?"

ಜೀವಮಾನದಲ್ಲಿ ಒಮ್ಮೆ ಮನಸ್ಸಿಟ್ಟು ಬರೆದ ಪ್ರಮಾಣಪತ್ರ ಹೀಗೆ ಅಸಿಂಧುವಾಯಿತು. ಮೇಷ್ಟ್ರಿಗೆ ನಗು ಬಂತು. ಮಗಳ ಸಂಜೆಯ ಲ್ಯಾಬು ನೆನಪಾಯಿತು, ಒಂಬತ್ತು ಕಿಲೋಮೀಟರ್ ನೆನಪಾಯಿತು. ಸರಿ, ನಾಲ್ಕು ಸಾವಿರದ ಮೇಲೆ ಇನ್ನೊಂದು ಎಂದುಕೊಂಡು ಹೊಸ ಅರ್ಜಿಯನ್ನು ಎಳೆದು ಪೆನ್ನು ಊರಿದರು. ಅಷ್ಟರಲ್ಲಿ ಅರ್ಜಿಯ ಮೇಲೆ ಮಗಳ ಅಂಗೈ ಬಂದು ಕೂತಿತು.

"ಬೇಡಪ್ಪಾ."

"ಯಾಕೆ ಮರಿ? ಕಾರ್ ಬೇಕಲ್ವಾ ನಿನಗೆ?"

"ಬೇಕು. ಆದ್ರೆ ಸುಮ್ನೆ ಹಾಕೋ ಸಹಿ ಬೇಡ. ಅದನ್ನ ಔಷಧಿ ಅಂಗಡಿಯವರಿಗೂ ಹಾಕಿದ್ದೀರಿ." ಅವಳು ಕಿಟಕಿಯ ಕಡೆ ಬಾಗಿದಳು. "ಮೇಡಂ, ಆ ಹಳೇ ಅರ್ಜಿ ವಾಪಸ್ ಕೊಡ್ತೀರಾ? ನಿಮಗಂತೂ ಬೇಡ."

ಗುಮಾಸ್ತೆ ಕೊಟ್ಟರು. ಮಗಳು ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು.

"ಮತ್ತೆ ಲ್ಯಾಬಿಂದ ಹೇಗಮ್ಮಾ ಹೋಗ್ತೀಯ?" ಮೇಷ್ಟ್ರು ಕೇಳಿದರು. "ಆರಕ್ಕೆ ಮುಗಿಯುತ್ತೆ, ಬಸ್ಸು ಐದೂ ಮುಕ್ಕಾಲಿಗೆ."

ಉತ್ತರ ಕಿಟಕಿಯೊಳಗಿಂದ ಬಂತು. "ಆರಕ್ಕೆ ಮುಗಿಯೋದು ನೋಟೀಸ್ ಬೋರ್ಡಲ್ಲಿ ಸಾರ್. ಲ್ಯಾಬಿನ ಪ್ರೊಫೆಸರೂ ಅದೇ ಬಸ್ಸಿಗೆ ಹೋಗ್ಬೇಕು. ಐದೂವರೆಗೆ ಅವರು ಚೀಲ ಹೆಗಲಿಗೆ ಹಾಕ್ಕೊಂಡು, ಇವತ್ತಿಗೆ ವಿಜ್ಞಾನ ಸಾಕು ಅಂತಾರೆ. ಅಲ್ಲದೆ ಎರಡನೇ ವರ್ಷದಿಂದ ಕಾರಿಗೆ ಯಾರ ಸಹಿಯೂ ಬೇಕಿಲ್ಲ. ಏನು ಬೇಕಾದ್ರೂ ತರಬಹುದು. ಹೋದ ವರ್ಷ ಒಬ್ಬ ಟ್ರ್ಯಾಕ್ಟರ್ ತಂದಿದ್ದ."

ಮೊದಲ ವರ್ಷದವರು ಮಾತ್ರ ಅಪಾಯಕಾರಿಗಳು, ಬೇಸಿಗೆ ರಜೆ ಕಳೆದರೆ ತಾವಾಗಿ ಪಳಗಿಬಿಡುತ್ತಾರೆ ಎಂಬ ಈ ಶಾಸ್ತ್ರವನ್ನು ಮೇಷ್ಟ್ರು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ಕಾರೇ ಕಲಿಸುತ್ತಿರಲಿಲ್ಲ. ಎಲ್ಲರನ್ನೂ ರಜೆಯ ಮೇಲೆ ಕಳಿಸುತ್ತಿದ್ದರು.

"ಅಪ್ಪಾ, ಮುದುಕಿನ ನೀವೊಬ್ರೇ ವಾಪಸ್ ಓಡಿಸ್ಕೊಂಡು ಹೋಗ್ತೀರಾ?" ಮಗಳ ದನಿಯಲ್ಲಿ ಈಗ ಕಳವಳ. "ಡ್ರೈವರ್ ಸೀಟಲ್ಲಿ ಕೂತು ಎಷ್ಟು ವರ್ಷ ಆಯ್ತು ನಿಮಗೆ?"

"ಲೈಸೆನ್ಸ್ ಇದೆ ನನಗೆ."

"ಲೈಸೆನ್ಸ್ ಎಲ್ಲರಿಗೂ ಇದೆ ಅಂತ ನೀವೇ ಅಂತಿದ್ರಿ."

ಅಷ್ಟರಲ್ಲಿ ಹಿಂದಿನಿಂದ ಯಾರೋ ಮೇಷ್ಟ್ರ ಭುಜ ತಟ್ಟಿದರು. ಸಾಲಿನಲ್ಲಿ ಮುಂದಿನ ಪೋಷಕರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಖಾಲಿ ಅರ್ಜಿ. ಅವರ ಪಕ್ಕದಲ್ಲಿ ಎತ್ತರದ ಮಗ ಕಾರಿನ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತ ನಿಂತಿದ್ದ.

"ಸಾರ್, ನೀವು ಏನೋ ಉದ್ದಕ್ಕೆ ಬರೆದ್ರಲ್ಲ? ನಾವೂ ಬರೀಬೇಕಾ?"

ಮೇಷ್ಟ್ರು ತಿರುಗುವ ಬೀಗದ ಕೈಯನ್ನು ನೋಡಿದರು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮ ಮಗ ಓಡಿಸುವಾಗ ನೀವು ಯಾವತ್ತಾದ್ರೂ ಪಕ್ಕದಲ್ಲಿ ಕೂತಿದ್ದೀರಾ?"

"ಅಯ್ಯೋ, ನಮಗೆಲ್ಲಿ ಪುರುಸೊತ್ತು ಸಾರ್? ಚೆನ್ನಾಗಿ ಓಡಿಸ್ತೀನಿ ಅಂತ ಅವನೇ ಹೇಳ್ತಾನೆ."

"ಹಾಗಾದ್ರೆ ಯೋಚನೆ ಮಾಡ್ಬೇಡಿ, ಸಹಿ ಹಾಕಿ" ಎಂದು ಮೇಷ್ಟ್ರು ತಮ್ಮ ಪೆನ್ನನ್ನು ಅವರ ಕೈಗೆ ಕೊಟ್ಟರು. "ಪಕ್ಕದಲ್ಲಿ ಕೂತವರಿಗೆ ಮಾತ್ರ ಕಷ್ಟ."